ಕವಾಯತಿನ ನೆಲದಲ್ಲಿ ಕಟ್ಟಿದ ಕೇರಿ

ಜರ್ಮನಿಯ ನೈಋತ್ಯ ಮೂಲೆಯಲ್ಲಿ, ಬ್ಲ್ಯಾಕ್ ಫಾರೆಸ್ಟ್ ಬೆಟ್ಟಸಾಲಿನ ಬುಡದಲ್ಲಿ ಫ್ರೈಬುರ್ಗ್ ಎಂಬ ಊರಿದೆ. ಅದರ ದಕ್ಷಿಣದ ಅಂಚಿನಲ್ಲಿ ಒಂದು ಸೇನಾ ನೆಲೆಯಿತ್ತು. 1930ರ ದಶಕದ ಕೊನೆಗೆ ನಾಜಿಗಳು ಕಟ್ಟಿಸಿದ್ದು. ಅದಕ್ಕೆ ಅವರು ಇಟ್ಟ ಹೆಸರು ಶ್ಲಾಗೆಟರ್ ಬ್ಯಾರಕ್ಸ್. ಆಲ್ಬರ್ಟ್ ಲಿಯೊ ಶ್ಲಾಗೆಟರ್ ಅದೇ ಸೀಮೆಯವನು. ಮೊದಲ ಮಹಾಯುದ್ಧದ ನಂತರ ರೂರ್ ಪ್ರದೇಶವನ್ನು ಫ್ರೆಂಚರು ಹಿಡಿದು ಕೂತಿದ್ದಾಗ ರೈಲು ಹಳಿ ಸ್ಫೋಟಿಸಿ ಸಿಕ್ಕಿಬಿದ್ದು, 1923ರಲ್ಲಿ ಅವರ ಗುಂಡಿಗೆ ಸತ್ತವನು. ನಾಜಿಗಳಿಗೆ ಅವನು ಹುತಾತ್ಮ. ಎರಡನೆಯ ಯುದ್ಧ ಸೋತ ಮೇಲೆ ಆ ಬ್ಯಾರಕ್ಕುಗಳಿಗೆ ಬಂದಿಳಿದದ್ದು ಅದೇ ಫ್ರೆಂಚರ ಸೇನೆ. ಅವರು ಹಳೆಯ ಹೆಸರು ಕಿತ್ತುಹಾಕಿ ವೋಬಾನ್ ಎಂದು ಕರೆದರು. ವೋಬಾನ್ ಹದಿನಾಲ್ಕನೆಯ ಲೂಯಿಯ ಕೋಟೆಗಾರ. 17ನೇ ಶತಮಾನದಲ್ಲಿ ಫ್ರೆಂಚರು ಫ್ರೈಬುರ್ಗನ್ನು ಗೆದ್ದಾಗ ಅದರ ಸುತ್ತ ಕೋಟೆ ಕಟ್ಟಿಸಿದವನು. ಗೆದ್ದವರು ಗೋಡೆಗೆ ತಮ್ಮ ಹೆಸರು ಬರೆಯುವ ರೂಢಿ ಎಲ್ಲ ಕಡೆಯೂ ಇದ್ದದ್ದೇ.

ಈಗ ಆ ನೆಲದ ಬೀದಿ ಫಲಕಗಳನ್ನು ಓದಬೇಕು. ಒಂದು ಬೀದಿ ಗೇಯಾರ್ಗ್ ಎಲ್ಸರ್‌ನದು. 1939ರ ನವೆಂಬರ್ 8ರಂದು ಮ್ಯೂನಿಕ್ಕಿನ ಬಿಯರ್ ಸಭಾಂಗಣದಲ್ಲಿ, ಹಿಟ್ಲರನ ವೇದಿಕೆಯ ಹಿಂದಿನ ಕಂಬದೊಳಗೆ ಒಬ್ಬಂಟಿಯಾಗಿ ಬಾಂಬು ಹುದುಗಿಸಿಟ್ಟ ಬಡಗಿ ಅವನು. ಹಿಟ್ಲರ್ ಹದಿಮೂರು ನಿಮಿಷ ಮುಂಚೆ ಎದ್ದುಹೋಗಿ ಬದುಕಿಕೊಂಡ; ಎಲ್ಸರ್‌ನನ್ನು 1945ರ ಏಪ್ರಿಲ್‌ನಲ್ಲಿ ದಖಾವ್ ಶಿಬಿರದಲ್ಲಿ ಕೊಂದರು. ಇನ್ನೊಂದು ಬೀದಿ ಕ್ಲಾರಾ ಇಮ್ಮರ್‌ವಾರ್ ಅವರದು. ಗಂಡ ಫ್ರಿಟ್ಸ್ ಹೇಬರ್ ರಣರಂಗಕ್ಕೆ ವಿಷಾನಿಲ ಒಯ್ದ 1915ರ ವಸಂತದಲ್ಲೇ ಪ್ರಾಣ ಕಳೆದುಕೊಂಡ ರಸಾಯನ ವಿಜ್ಞಾನಿ. ಮತ್ತೊಂದು ಲೀಸ ಮೈಟ್ನರ್ ಅವರದು. ಪರಮಾಣು ಸೀಳುವುದರ ಒಳಗುಟ್ಟನ್ನು ಬಿಡಿಸಿ ಹೇಳಿದವರಲ್ಲಿ ಒಬ್ಬರಾದರೂ ಬಾಂಬು ಮಾಡುವ ಕೆಲಸಕ್ಕೆ ಕರೆದಾಗ ಒಲ್ಲೆ ಎಂದವರು. 1933ರಲ್ಲಿ ನಾಜಿಗಳು ಯಾರ ಪುಸ್ತಕಗಳನ್ನು ಬೆಂಕಿಗೆ ಹಾಕಿದರೋ ಆ ಕುರ್ಟ್ ತುಖೋಲ್ಸ್ಕಿಗೂ ಇಲ್ಲೊಂದು ಬೀದಿ. ಸಂತೆ ನೆರೆಯುವ ಚೌಕಕ್ಕೆ ಆಲ್ಫ್ರೆಡ್ ಡ್ಯೋಬ್ಲಿನ್ ಹೆಸರು. ಯೆಹೂದಿ ಕಾದಂಬರಿಕಾರ, ಹಿಟ್ಲರ್ ಬಂದಾಗ ದೇಶ ಬಿಟ್ಟು, ಯುದ್ಧ ಮುಗಿದ ಮೇಲೆ ಫ್ರೆಂಚ್ ಅಧಿಕಾರಿಯಾಗಿ ಮರಳಿ ಬಂದವರು, ತೀರಿಕೊಂಡದ್ದು ಫ್ರೈಬುರ್ಗ್ ಹತ್ತಿರದ ಎಮ್ಮೆಂಡಿಂಗನ್‌ನಲ್ಲಿ.

ಬಡಾವಣೆಯ ಹೆಸರು ಮಾತ್ರ ವೋಬಾನ್ ಎಂದೇ ಉಳಿದಿದೆ. ಸುಮಾರು 38 ಹೆಕ್ಟೇರ್, ಅಂದರೆ 94 ಎಕರೆ. ನಮ್ಮ ಲಾಲ್‌ಬಾಗ್‌ನ ಅರ್ಧಕ್ಕೂ ಕಡಿಮೆ ಜಾಗ. ಅಷ್ಟರಲ್ಲಿ ಐದೂವರೆ ಸಾವಿರ ಜನ ವಾಸವಾಗಿದ್ದಾರೆ. ಶಾಲೆ, ಶಿಶುವಿಹಾರ, ಅಂಗಡಿ, ಕಚೇರಿ, ಹೋಟೆಲು, ಹೊಳೆ, ಹಳೆಯ ಮರ ಎಲ್ಲ ಅದರೊಳಗೇ. ಪರಿಸರಸ್ನೇಹಿ ನಗರ ಎಂಬ ಮಾತು ಬಂದಲ್ಲೆಲ್ಲ ಈ ಬಡಾವಣೆಯ ಚಿತ್ರ ಬರುತ್ತದೆ: ಚಾವಣಿ ತುಂಬ ಸೌರಫಲಕ, ಹುಲ್ಲಿನ ಮೇಲೆ ಓಡುವ ಟ್ರ್ಯಾಮು, ಕಾರಿಲ್ಲದ ಬೀದಿಯಲ್ಲಿ ಸೈಕಲ್ಲು ತುಳಿಯುವ ಮಕ್ಕಳು. ಚಿತ್ರ ಸುಳ್ಳಲ್ಲ. ಆದರೆ ವೋಬಾನ್ ವೋಬಾನ್ ಆದದ್ದು ಫಲಕ ಹಚ್ಚಿದ್ದರಿಂದ ಎಂದು ನಾನು ನಂಬುವುದಿಲ್ಲ. ಚಿತ್ರಕ್ಕೆ ಸಿಗದ ಕೆಲವು ಕಾಗದಪತ್ರಗಳಿವೆ. ನೆಲವನ್ನು ಯಾರು ಕೊಂಡರು, ಯಾರಿಗೆ ಮಾರಿದರು, ಎಷ್ಟೆಷ್ಟು ದೊಡ್ಡ ತುಂಡು ಮಾಡಿ ಮಾರಿದರು? ಎಲ್ಲ ತೀರ್ಮಾನವಾದದ್ದು ಅಲ್ಲಿ.

ಖಾಲಿಯಾದ ಬ್ಯಾರಕ್ಕು

ಬರ್ಲಿನ್ ಗೋಡೆ ಬಿದ್ದು ಎರಡು ಜರ್ಮನಿಗಳು ಒಂದಾದ ಮೇಲೆ ಪರದೇಶದ ಸೇನೆಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿದವು. ಫ್ರೆಂಚರು ಫ್ರೈಬುರ್ಗ್ ಬಿಟ್ಟದ್ದು 1992ರಲ್ಲಿ. ಆಗ ಊರಿನಲ್ಲಿ ಬಾಡಿಗೆ ಮನೆಗೆ ಹಾಹಾಕಾರ. ವಿಶ್ವವಿದ್ಯಾಲಯದ ಊರು, ವರ್ಷವರ್ಷ ವಿದ್ಯಾರ್ಥಿಗಳು ಬಂದು ತುಂಬುತ್ತಾರೆ, ಇರಲು ಕೋಣೆಯಿಲ್ಲ. ಪೇಟೆಯ ನಡುಮಧ್ಯದಿಂದ ಮೂರು ಕಿಲೋಮೀಟರ್ ದೂರದಲ್ಲಿ ಬ್ಯಾರಕ್ಕುಗಳು ಬೀಗ ಹಾಕಿಕೊಂಡು ನಿಂತಿದ್ದವು.

ಮೊದಲು ನುಗ್ಗಿದವರು ಯುವಕ ಯುವತಿಯರು. ಸುಸಿ ಎಂಬ ಹೆಸರಿನಲ್ಲಿ ಅವರು 1990ರಲ್ಲೇ ಸಂಘ ಕಟ್ಟಿಕೊಂಡಿದ್ದರು. ಅವರ ವಾದ ಸರಳವಾಗಿತ್ತು: ಗಟ್ಟಿಮುಟ್ಟಾದ ಕಟ್ಟಡಗಳಿವೆ, ಕೆಡವುವುದು ಯಾಕೆ? ನಾವೇ ದುರಸ್ತಿ ಮಾಡಿಕೊಂಡು ಕಡಿಮೆ ಬಾಡಿಗೆಗೆ ಇರುತ್ತೇವೆ. ಹಗ್ಗಜಗ್ಗಾಟದ ನಂತರ ನಾಲ್ಕು ಬ್ಯಾರಕ್ಕು ಅವರಿಗೆ ಸಿಕ್ಕವು. ಇನ್ನು ಆರು ವಿದ್ಯಾರ್ಥಿ ನಿಲಯಗಳಾದವು. ಸುಸಿಯವರು ಹಳೆಯ ಸಾಮಾನು, ಮರ, ಮಣ್ಣಿನ ಗಿಲಾವು ಬಳಸಿ, ವಾಸಕ್ಕೆ ಬರುವವರೇ ಕೈಜೋಡಿಸಿ ಕಟ್ಟಡ ಸರಿಮಾಡಿಕೊಂಡರು. ಬಣ್ಣ ಬಳಿದ ಆ ಬ್ಯಾರಕ್ಕುಗಳಲ್ಲಿ ಇವತ್ತಿಗೂ ಇನ್ನೂರಕ್ಕೂ ಹೆಚ್ಚು ಜನ ಇದ್ದಾರೆ. ಸೈನಿಕರು ಸಾಲಾಗಿ ಮಲಗುತ್ತಿದ್ದ ಕೊಠಡಿಗಳಲ್ಲಿ ಈಗ ಒಲೆ ಉರಿಯುತ್ತದೆ, ಮಕ್ಕಳು ಬೆಳೆಯುತ್ತಾರೆ. ವೋಬಾನ್‌ನ ಎಲ್ಲ ಹೊಸ ಮನೆಗಳಿಗಿಂತ ನನಗೆ ಹೆಚ್ಚು ಇಷ್ಟವಾಗುವುದು ಇವೇ. ಇರುವ ಕಟ್ಟಡವನ್ನು ಕೆಡವದೆ ಉಳಿಸಿಕೊಳ್ಳುವುದರಷ್ಟು ಇಂಧನ ಉಳಿಸುವ ಕೆಲಸ ಬೇರೊಂದಿಲ್ಲ, ಬಡವರಿಗೆ ಬಾಡಿಗೆ ಎಟುಕುವಂತೆ ಮಾಡುವುದೂ ಅದೇ.

ಉಳಿದ ನೆಲವನ್ನು ಕೇಂದ್ರ ಸರ್ಕಾರದಿಂದ ನಗರಸಭೆ ಕೊಂಡುಕೊಂಡಿತು. ಜರ್ಮನಿಯ ಕಾನೂನಿನಲ್ಲಿ ಇದಕ್ಕೊಂದು ದಾರಿಯಿದೆ. ಅಭಿವೃದ್ಧಿಯಾಗುವ ಮೊದಲಿನ ಬೆಲೆಗೆ ಊರು ನೆಲವನ್ನು ಕೊಳ್ಳಬಹುದು. ರಸ್ತೆ, ಒಳಚರಂಡಿ, ಶಾಲೆ ಇತ್ಯಾದಿ ಬಂದು ಬೆಲೆ ಏರಿದ ಮೇಲೆ ನಿವೇಶನ ಮಾರಿ, ಬಂದ ಹಣದಿಂದಲೇ ಆ ರಸ್ತೆ, ಚರಂಡಿ, ಶಾಲೆಯ ಖರ್ಚು ತುಂಬಿಕೊಳ್ಳಬೇಕು. ಏರಿದ ಬೆಲೆ ಮಧ್ಯದಲ್ಲಿ ನಿಂತ ಯಾವ ವ್ಯಾಪಾರಿಯ ಜೇಬಿಗೂ ಹೋಗದೆ ಆ ನೆಲಕ್ಕೇ ವಾಪಸಾಗುತ್ತದೆ. ಕೇಳಲು ಲೆಕ್ಕಪತ್ರದ ಮಾತಿನಂತಿದೆ, ಆದರೆ ಮುಂದಿನ ಎಲ್ಲ ಸ್ವಾತಂತ್ರ್ಯವೂ ಇದರಿಂದಲೇ ಬಂತು. ನೆಲ ಊರಿನದಾಗಿದ್ದರಿಂದ ಷರತ್ತು ಹಾಕುವ ಅಧಿಕಾರವೂ ಊರಿನದಾಯಿತು.

ಫ್ರೈಬುರ್ಗ್‌ನ ಜನ ಷರತ್ತು ಹಾಕುವುದರಲ್ಲಿ ಹಿಂದೆ ಬಿದ್ದವರಲ್ಲ. 1975ರಲ್ಲಿ ಹತ್ತಿರದ ವ್ಯೂಲ್ ಹಳ್ಳಿಯಲ್ಲಿ ಅಣುಸ್ಥಾವರ ಕಟ್ಟಲು ಹೊರಟಾಗ ದ್ರಾಕ್ಷಿ ಬೆಳೆಗಾರರು, ವಿದ್ಯಾರ್ಥಿಗಳು, ಪಾದ್ರಿಗಳು ಒಟ್ಟಾಗಿ ಜಾಗವನ್ನೇ ಆಕ್ರಮಿಸಿ ಕೂತರು. ಸ್ಥಾವರ ಏಳಲೇ ಇಲ್ಲ. ಆ ಹೋರಾಟದ ಬೆನ್ನಿಗೇ ಈ ಊರಿನಲ್ಲಿ ಪರ್ಯಾಯ ಇಂಧನದ ಅಧ್ಯಯನ ಸಂಸ್ಥೆಗಳು ಹುಟ್ಟಿದವು. 1981ರಲ್ಲಿ ಸೌರಶಕ್ತಿ ಸಂಶೋಧನೆಗೆಂದೇ ಫ್ರೌನ್‌ಹೋಫರ್ ಸಂಸ್ಥೆಯ ಕೇಂದ್ರ ಶುರುವಾಯಿತು. ಬೇಡ ಎಂದು ಗೆದ್ದವರಿಗೆ, ಹಾಗಾದರೆ ಏನು ಬೇಕು ಎಂದು ತೋರಿಸಿಕೊಡುವ ಹೊಣೆಯೂ ಬಂತು. ವೋಬಾನ್ ಅದಕ್ಕೆ ಸಿಕ್ಕ ಜಾಗ.

1994ರಲ್ಲಿ ವಿನ್ಯಾಸ ಸ್ಪರ್ಧೆ ನಡೆದು ಸ್ಟಟ್‌ಗಾರ್ಟಿನ ಕೋಲ್‌ಹೋಫ್ ಸಂಸ್ಥೆ ಗೆದ್ದಿತು. ಅದೇ ಹೊತ್ತಿಗೆ ಊರಿನ ಕೆಲವರು ಫೋರಂ ವೋಬಾನ್ ಎಂಬ ಸಂಘ ಕಟ್ಟಿದರು. ಮರುವರ್ಷ ನಗರಸಭೆಯೇ ಅದನ್ನು ನಾಗರಿಕರ ಭಾಗವಹಿಸುವಿಕೆಯ ಅಧಿಕೃತ ಸಂಘಟಕನೆಂದು ಒಪ್ಪಿಕೊಂಡಿತು. ವೋಬಾನ್‌ಗೆಂದೇ ಮಾಡಿದ ಕೌನ್ಸಿಲ್ಲಿನ ಸಮಿತಿಯಲ್ಲಿ ಸಂಘದವರಿಗೂ ಕುರ್ಚಿ ಇತ್ತು. ಮತ ಇರಲಿಲ್ಲ, ಮಾತಿತ್ತು. ನಕ್ಷೆ ಮೇಜಿನ ಮೇಲೆ ಇನ್ನೂ ಬಿಡಿಸಿಕೊಂಡಿರುವಾಗಲೇ ಆಡಿದ ಮಾತು ಅದು. ಎಲ್ಲ ಮುಗಿದ ಮೇಲೆ ಆಕ್ಷೇಪಣೆ ಸಲ್ಲಿಸಿ ಎಂದು ಪತ್ರಿಕೆಯ ಮೂಲೆಯಲ್ಲಿ ಪ್ರಕಟಣೆ ಹಾಕುವುದನ್ನು ಕಂಡ ನಮಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಸಂಘದವರು ಬರೀ ದೂರು ಹೇಳಿಕೊಂಡು ಕೂರಲಿಲ್ಲ. ರಸ್ತೆ, ಇಂಧನ, ಮನೆಯ ವೆಚ್ಚ, ಮಕ್ಕಳ ಆಟದ ಜಾಗ, ಒಂದೊಂದಕ್ಕೂ ಗುಂಪು ಮಾಡಿಕೊಂಡು ಲೆಕ್ಕ ಹಾಕಿ, ನಕ್ಷೆ ಬರೆದು ತಂದು ಮುಂದಿಟ್ಟರು. ಸೇನಾಧಿಕಾರಿಗಳ ಭೋಜನಶಾಲೆಯನ್ನು ಊರು ಕೆಡವಲು ಹೊರಟಾಗ ಜನ ಬಿಡಲಿಲ್ಲ. ಅದೀಗ ಬಡಾವಣೆಯ ಸಮುದಾಯ ಭವನ, ಹಳೆಯ ನಂಬರಿನಿಂದಲೇ 'ಮನೆ 037' ಎಂದು ಕರೆಯುತ್ತಾರೆ. ಅದರ ಮುಂದೆಯೇ ಡ್ಯೋಬ್ಲಿನ್ ಚೌಕ. ಬುಧವಾರ ಮಧ್ಯಾಹ್ನ ಅಲ್ಲಿ ರೈತರ ಸಂತೆ.

ಆಮೇಲೆ ನಿವೇಶನ ಮಾರಾಟ. ಇಡೀ ಜಾಗವನ್ನು ಒಬ್ಬಿಬ್ಬರು ದೊಡ್ಡ ಬಿಲ್ಡರುಗಳಿಗೆ ಕೊಟ್ಟಿದ್ದರೆ ನಗರಸಭೆಯ ಕೆಲಸ ಹಗುರವಾಗುತ್ತಿತ್ತು. ಅವರು ಸಣ್ಣಸಣ್ಣ ತುಂಡು ಮಾಡಿ, ಅಲ್ಲೇ ವಾಸಿಸಲು ಬಯಸುವ ಕುಟುಂಬಗಳ ಗುಂಪುಗಳಿಗೆ ಮಾರಿದರು. ನಮ್ಮ ಗೃಹನಿರ್ಮಾಣ ಸಹಕಾರ ಸಂಘಗಳ ಕ್ರಮ ಬೇರೆ: ಸಂಘ ಲೇಔಟ್ ಮಾಡುತ್ತದೆ, ಸೈಟು ಹಂಚುತ್ತದೆ, ಅಲ್ಲಿಂದ ಮುಂದೆ ಅವರವರ ಮನೆ ಅವರವರ ಪಾಡು. ಇಲ್ಲಿ ಹತ್ತು ಹದಿನೈದು ಕುಟುಂಬಗಳು ಸೇರಿ ಒಂದೇ ಕಟ್ಟಡ ಕಟ್ಟಬೇಕು. ಆರ್ಕಿಟೆಕ್ಟನ್ನು ತಾವೇ ಹುಡುಕಬೇಕು. ಮೇಲಿನ ಮಹಡಿ ಯಾರಿಗೆ, ತೋಟದ ಬದಿ ಯಾರಿಗೆ, ಅತಿಥಿಗಳಿಗೆ ಎಲ್ಲರಿಗೂ ಸೇರಿದ ಒಂದು ಕೋಣೆ ಬೇಕೇ, ಬಟ್ಟೆ ಒಗೆಯುವ ಯಂತ್ರ ಮನೆಗೊಂದೋ ಕಟ್ಟಡಕ್ಕೊಂದೋ, ಸೈಕಲ್ಲು ನಿಲ್ಲಿಸಲು ಎಷ್ಟು ಜಾಗ ಎಂದೆಲ್ಲ ಅವರೇ ಕೂತು ಇತ್ಯರ್ಥ ಮಾಡಿಕೊಳ್ಳಬೇಕು. ವರ್ಷಗಟ್ಟಲೆ ಸಂಜೆಗಳು ಸಭೆಯಲ್ಲೇ ಕಳೆದವು. ಆದರೆ ಬಿಲ್ಡರಿನ ಲಾಭ, ಜಾಹೀರಾತಿನ ಖರ್ಚು ಉಳಿದು ಮನೆ ಅಗ್ಗವಾಯಿತು. ಗೃಹಪ್ರವೇಶದ ದಿನಕ್ಕೆ ಅಕ್ಕಪಕ್ಕದವರು ಹಳೆಯ ಪರಿಚಿತರಾಗಿದ್ದರು.

ಸುತ್ತ ಅಂಗಳ ಬಿಟ್ಟು ನಡುವೆ ಒಂಟಿ ಬಂಗಲೆ ಕಟ್ಟುವುದಕ್ಕೆ ಅಲ್ಲಿ ಅವಕಾಶವಿಲ್ಲ. ಸಾಲುಮನೆ, ನಾಲ್ಕು ಮಹಡಿಯ ಮಿತಿ. ಆ ಚೌಕಟ್ಟಿನೊಳಗೆ ಒಂದು ಗುಂಪಿನ ಮನೆಗೆ ಮರದ ಹೊದಿಕೆ, ಪಕ್ಕದ್ದಕ್ಕೆ ಕೆಂಪು ಬಣ್ಣ, ಅದರಾಚೆಯದು ಬಳ್ಳಿ ಹಬ್ಬಿ ಹಸಿರು. ಒಬ್ಬನೇ ಬಿಲ್ಡರ್ ಕಟ್ಟಿದ ಬಡಾವಣೆಯ ಏಕತಾನತೆ ಇಲ್ಲ. ನೋಟದ ಅಂದಕ್ಕಾಗಿ ಯಾರೂ ಕುಳಿತು ಮಾಡಿದ್ದಲ್ಲ. ನಿವೇಶನ ಸಣ್ಣದು, ಒಡೆಯರು ಹಲವರು, ಆದ್ದರಿಂದ ಹಾಗೆ ಬಂತು.

ಕಾರಿಗೆ ಮನೆಬಾಗಿಲಲ್ಲಿ ಜಾಗವಿಲ್ಲ

ವೋಬಾನ್ ಕಾರೇ ಇಲ್ಲದ ಊರು ಎಂದು ಬರೆಯುತ್ತಾರೆ, ಅದು ಪೂರ್ತಿ ನಿಜವಲ್ಲ. ಕಾರು ಇಟ್ಟುಕೊಳ್ಳಬಹುದು. ಮನೆಯ ಮುಂದೆ ನಿಲ್ಲಿಸುವಂತಿಲ್ಲ, ಅಷ್ಟೇ. ವಾಸದ ಬೀದಿಗಳಲ್ಲಿ ಕಾರು ಬರಬಹುದು, ನಡೆಯುವವರ ವೇಗದಲ್ಲಿ. ಸಾಮಾನು ಇಳಿಸಿ, ಅಜ್ಜಿಯನ್ನು ಹತ್ತಿಸಿಕೊಂಡು ಹೊರಟುಬಿಡಬೇಕು. ಬೀದಿಗಳನ್ನು ಲಾಳದ ಆಕಾರದಲ್ಲಿ ತಿರುಗಿಸಿದ್ದಾರೆ, ಹೊಕ್ಕ ಕಾರು ಮುಖ್ಯರಸ್ತೆಗೇ ಮರಳುತ್ತದೆ, ಆಚೆ ಬೀದಿಗೆ ಅಡ್ಡದಾರಿ ಸಿಗುವುದಿಲ್ಲ. ನಿಲ್ಲಿಸಲು ಬಡಾವಣೆಯ ಅಂಚಿನಲ್ಲಿ ಎರಡು ಬಹುಮಹಡಿ ಗ್ಯಾರೇಜುಗಳಿವೆ. ಅಲ್ಲಿ ಒಂದು ಕಾರಿನ ಜಾಗ ಕೊಳ್ಳಲು ಹದಿನೆಂಟು ಸಾವಿರ ಯೂರೋ ಆಸುಪಾಸು ಕೊಡಬೇಕಾಗಿತ್ತು. ಮನೆಯ ಬೆಲೆಯೊಳಗೆ ಅಡಗಿರುತ್ತಿದ್ದ ಕಾರಿನ ಖರ್ಚು ಕಣ್ಣೆದುರಿಗೆ ಬಂತು. ಕಾರಿಲ್ಲದವನು ಕಾರಿದ್ದವನ ಪಾರ್ಕಿಂಗಿಗೆ ದುಡ್ಡು ತೆರುವುದು ತಪ್ಪಿತು.

ಇಲ್ಲೊಂದು ಕಾನೂನಿನ ತೊಡಕಿತ್ತು. ಆ ರಾಜ್ಯದ ಆಗಿನ ಕಟ್ಟಡ ನಿಯಮದಂತೆ ಪ್ರತಿ ಮನೆಗೂ ಒಂದು ಕಾರು ನಿಲ್ಲಿಸುವ ಜಾಗ ತೋರಿಸಲೇಬೇಕಾಗಿತ್ತು, ಮನೆಯವರಿಗೆ ಕಾರಿರಲಿ ಬಿಡಲಿ. ನಿಯಮ ಬದಲಿಸುವುದು ಊರಿನ ಕೈಯಲ್ಲಿರಲಿಲ್ಲ, ಮುರಿಯುವಂತೆಯೂ ಇರಲಿಲ್ಲ. ಫೋರಂ ವೋಬಾನಿನವರು ಕಂಡುಕೊಂಡ ದಾರಿ ಹೀಗಿತ್ತು. ಕಾರಿಲ್ಲದ ಕುಟುಂಬಗಳ ಪರವಾಗಿ ಒಂದು ಸಂಘ ಮಾಡಿದರು. ಆ ಸಂಘ ಬಡಾವಣೆಯ ಅಂಚಿನಲ್ಲಿ ಒಂದು ತುಂಡು ನೆಲವನ್ನು ಹಿಡಿದಿಟ್ಟುಕೊಂಡಿತು: ನಾಳೆ ಈ ಕುಟುಂಬಗಳು ಕಾರು ಕೊಂಡರೆ ಇಲ್ಲಿ ಗ್ಯಾರೇಜು ಕಟ್ಟುತ್ತೇವೆ. ಕಾನೂನು ಕೇಳುವ ಜಾಗ ಕಾಗದದ ಮೇಲೆ ಸಿಕ್ಕಿತು. ಕಾರಿಲ್ಲದ ಕುಟುಂಬ ಸಂಘಕ್ಕೆ ಒಂದೇ ಸಲ ಸುಮಾರು ಮೂರೂವರೆ ಸಾವಿರ ಯೂರೋ ಕಟ್ಟಿ, ನಮಗೆ ಕಾರಿಲ್ಲ ಎಂದು ವರ್ಷಕ್ಕೊಮ್ಮೆ ಬರೆದು ಸಹಿ ಹಾಕಿಕೊಡುತ್ತದೆ. ಕಾರು ಕೊಂಡ ದಿನ ಗ್ಯಾರೇಜಿನಲ್ಲಿ ಜಾಗ ಕೊಳ್ಳಬೇಕು. ಆ ಕಾದಿರಿಸಿದ ನೆಲ ಹುಲ್ಲುಗಾವಲಾಗಿಯೇ ಉಳಿದು ಮಕ್ಕಳ ಆಟಕ್ಕೆ ಒದಗಿತು. ನಿಯಮಕ್ಕೆ ತಲೆಬಾಗಿ, ನಿಯಮ ಬಯಸಿದ್ದನ್ನು ಕಟ್ಟದೆ ಉಳಿಸಿದ ಈ ಜಾಣ್ಮೆಯನ್ನು ನಾನು ಸೌರಮನೆಗಳಿಗಿಂತ ದೊಡ್ಡ ಆವಿಷ್ಕಾರವೆಂದು ಎಣಿಸುತ್ತೇನೆ.

ಟ್ರ್ಯಾಮು ಮಾತ್ರ ತಡವಾಯಿತು. ಮೊದಲ ಹೊಸ ಮನೆಗಳಿಗೆ ಜನ ಬಂದು ವರ್ಷಗಳಾದ ಮೇಲೆ, 2006ರ ಏಪ್ರಿಲ್‌ನಲ್ಲಿ ಮೂರನೇ ನಂಬರಿನ ಟ್ರ್ಯಾಮು ವೋಬಾನ್ ತಲುಪಿತು. ಅದುವರೆಗೆ ಬಸ್ಸು. ಆದರೂ ಹಳಿಯ ಜಾಗವನ್ನು ಮೊದಲೇ ಮೀಸಲಿಟ್ಟು, ಮನೆಗಳನ್ನು ಅದರ ಎರಡೂ ಬದಿಗೆ ಹೊಂದಿಸಿದ್ದರಿಂದ ಯಾವ ಮನೆಯಿಂದಲೂ ನಿಲ್ದಾಣ ನಾಲ್ಕು ಹೆಜ್ಜೆ. ಹಳಿಗಳ ನಡುವೆ ಹುಲ್ಲು ಬೆಳೆಸಿದ್ದರಿಂದ ಸದ್ದು ಕಡಿಮೆ, ಮಳೆನೀರೂ ಇಂಗುತ್ತದೆ. ಪರಿಣಾಮ ಲೆಕ್ಕದಲ್ಲಿ ಕಾಣುತ್ತದೆ: ಜರ್ಮನಿಯಲ್ಲಿ ಸರಾಸರಿ ಸಾವಿರ ಜನರಿಗೆ ಐನೂರಕ್ಕೂ ಹೆಚ್ಚು ಕಾರುಗಳಿದ್ದರೆ ವೋಬಾನ್‌ನಲ್ಲಿ 170ರ ಆಸುಪಾಸು. ಲೆಕ್ಕಕ್ಕೆ ಬಾರದ್ದು ಬೀದಿಯಲ್ಲಿದೆ. ಟಾರಿನ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆಗಳು, ಮೂರು ಚಕ್ರದ ಸೈಕಲ್ಲುಗಳು, ಹಿಂದೆ ಮಕ್ಕಳನ್ನೋ ತರಕಾರಿಯನ್ನೋ ಕೂರಿಸಿಕೊಳ್ಳುವ ಗಾಡಿ ಕಟ್ಟಿದ ದೊಡ್ಡವರ ಸೈಕಲ್ಲುಗಳು. ಐದು ವರ್ಷದ ಮಗುವನ್ನು ಆಡಿಕೋ ಹೋಗು ಎಂದು ಬಾಗಿಲಾಚೆ ಕಳಿಸಿ ಅಡುಗೆಮನೆಗೆ ಮರಳಬಲ್ಲ ತಾಯಿ ತಂದೆ ಇವತ್ತು ಜಗತ್ತಿನ ಎಷ್ಟು ನಗರಗಳಲ್ಲಿ ಉಳಿದಿದ್ದಾರೆ?

ತಪ್ಪಿಸಿಕೊಳ್ಳುವವರು ಅಲ್ಲಿಯೂ ಇದ್ದಾರೆ. ಕಾರಿಲ್ಲವೆಂದು ಸಹಿ ಹಾಕಿ ಪಕ್ಕದ ಬಡಾವಣೆಯ ಬೀದಿಯಲ್ಲಿ ಕಾರು ನಿಲ್ಲಿಸುವವರ ಮೇಲೆ ನೆರೆಯವರ ದೂರು ಮೊದಲಿನಿಂದ ಇದೆ.

ಬಿಸಿ, ಬೆಳಕು, ನೀರು

ಚಳಿಯ ದೇಶದಲ್ಲಿ ಮನೆಯ ದೊಡ್ಡ ಖರ್ಚು ಬೆಚ್ಚಗಿರುವುದು. ನೆಲ ಮಾರುವಾಗ ಊರು ಹಾಕಿದ ಷರತ್ತುಗಳಲ್ಲಿ ಒಂದು: ಮನೆ ಬಿಸಿಮಾಡಲು ಚದರ ಮೀಟರಿಗೆ ವರ್ಷಕ್ಕೆ 65 ಯುನಿಟ್‌ಗಿಂತ ಹೆಚ್ಚು ಶಕ್ತಿ ಬೇಕಾಗಬಾರದು. ಆ ಕಾಲಕ್ಕೆ ಅದು ಬಿಗಿಯಾದ ಮಿತಿಯೇ. ಕೆಲವು ಗುಂಪುಗಳು ಅದನ್ನೂ ದಾಟಿ, 15 ಯುನಿಟ್‌ಗಿಂತ ಕಡಿಮೆಯಲ್ಲಿ ನಿಭಾಯಿಸುವ ಪ್ಯಾಸಿವ್ ಮನೆ ಕಟ್ಟಿದವು. 1999ರಲ್ಲಿ ಇಲ್ಲಿ ಎದ್ದ 'ವಾಸ ಮತ್ತು ಕೆಲಸ' ಎಂಬ ನಾಲ್ಕು ಮಹಡಿಯ ಕಟ್ಟಡ ಆ ಬಗೆಯ ಬಹುಮಹಡಿ ವಸತಿಗಳಲ್ಲಿ ಜರ್ಮನಿಗೇ ಮೊದಲನೆಯದು. ಹೆಸರೇ ಹೇಳುವಂತೆ ಮನೆಗಳ ಜೊತೆಗೆ ಕಚೇರಿಗಳೂ ಅದರಲ್ಲಿವೆ. ಗೋಡೆಗೆ ದಪ್ಪ ಹೊದಿಕೆ, ಮೂರು ಪದರದ ಗಾಜು, ಎಲ್ಲೂ ಗಾಳಿ ಸೋರದ ಸಂದುಗಳು. ಒಳಗಿನ ಬೆಚ್ಚನೆಯ ಗಾಳಿ ಹೊರಹೋಗುವಾಗ ಒಳಬರುವ ತಣ್ಣನೆಯ ಗಾಳಿಗೆ ತನ್ನ ಬಿಸಿಯನ್ನು ದಾಟಿಸಿ ಹೋಗುತ್ತದೆ. ಆಮೇಲೆ ಕಿಟಕಿಯಿಂದ ಬರುವ ಬಿಸಿಲು, ಒಲೆ, ದೀಪ, ಮನುಷ್ಯರ ಮೈ ಶಾಖವೇ ಚಳಿಗಾಲದ ಬಹುಪಾಲನ್ನು ಕಳೆದುಬಿಡುತ್ತದೆ. ಉಳಿದ ಮನೆಗಳಿಗೆ ಕೊಳವೆಯಲ್ಲಿ ಬಿಸಿನೀರು ಕಳಿಸುವ ಸ್ಥಾವರವೊಂದಿದೆ. ಅದರ ಮುಖ್ಯ ಉರುವಲು ಮರದ ಚಕ್ಕೆ.

ಬಡಾವಣೆಯ ಪೂರ್ವದ ಅಂಚಿನಲ್ಲಿ ವಾಸ್ತುಶಿಲ್ಪಿ ರೋಲ್ಫ್ ಡಿಶ್ ಕಟ್ಟಿದ ಸೌರ ವಸತಿಯಿದೆ. 59 ಮನೆಗಳು, ಬಳಸುವುದಕ್ಕಿಂತ ಹೆಚ್ಚು ಶಕ್ತಿಯನ್ನು ವರ್ಷದ ಲೆಕ್ಕದಲ್ಲಿ ಉತ್ಪಾದಿಸುವಂಥವು. ಅದರ ಮುಂದೆ ವಾಹನ ಓಡಾಡುವ ರಸ್ತೆಗೆ ಮುಖಮಾಡಿ 125 ಮೀಟರ್ ಉದ್ದದ 'ಸೂರ್ಯನೌಕೆ' ನಿಂತಿದೆ. ಕೆಳಗೆ ಅಂಗಡಿ, ನಡುವೆ ಕಚೇರಿ, ನೆತ್ತಿಯ ಮೇಲೆ 9 ಮನೆ. ಒಟ್ಟು ಕಟ್ಟಡವೇ ಹಿಂದಿನ ಸಾಲುಮನೆಗಳಿಗೆ ರಸ್ತೆಯ ಗದ್ದಲ ತಡೆಯುವ ಗೋಡೆ. ಒಂದು ಕಟ್ಟಡದಿಂದ ಮೂರು ಕೆಲಸ ಮಾಡಿಸಿದ ಈ ಯೋಚನೆ ಯಾವ ಊರಿಗಾದರೂ ಹೊಂದುತ್ತದೆ, ಸೌರಫಲಕಕ್ಕೆ ದುಡ್ಡಿಲ್ಲದಿದ್ದರೂ.

ಬ್ಯಾರಕ್ಕಿನ ಕಾಲದ ಮರಗಳನ್ನು ಆದಷ್ಟೂ ಉಳಿಸಿಕೊಂಡು ಮನೆಗಳನ್ನು ಅವುಗಳ ಸುತ್ತ ಹೊಂದಿಸಿದರು. ಹೊಸ ಬಡಾವಣೆಗೆ ಮೊದಲ ದಿನವೇ ಹಳೆಯ ನೆರಳು. ಮಳೆನೀರು ಕೊಳವೆಗೆ ಇಳಿಯುವುದಿಲ್ಲ, ಹುಲ್ಲು ಬೆಳೆದ ತೋಡುಗಳಲ್ಲಿ ಹರಿದು ಅಲ್ಲೇ ಇಂಗುತ್ತದೆ. ಮನೆಸಾಲುಗಳ ನಡುವೆ ಬಿಟ್ಟ ಹಸಿರು ಪಟ್ಟಿಗಳಲ್ಲಿ ಬೇಸಿಗೆಯ ರಾತ್ರಿ ಬೆಟ್ಟದ ತಂಗಾಳಿ ಒಳಗೆ ಬರುತ್ತದೆ. ಏನು ನೆಡಬೇಕು, ಎಲ್ಲಿ ಜೋಕಾಲಿ ಎಂದು ಆಯಾ ಪಟ್ಟಿಯ ನೆರೆಯವರೇ ಕೂಡಿ ನಿರ್ಧರಿಸಿದ್ದು.

ಕೆಲಸದ ವಿಷಯದಲ್ಲಿ ಮಾತ್ರ ವೋಬಾನ್ ಸ್ವಲ್ಪ ಬಡವೇ. ಬೇಕರಿ, ದವಾಖಾನೆ, ಸೈಕಲ್ ಅಂಗಡಿ, ಸಣ್ಣ ಕಚೇರಿಗಳಿವೆ. ಆದರೆ ಬೆಳಗಾದರೆ ಹೆಚ್ಚಿನವರು ಟ್ರ್ಯಾಮು ಹತ್ತಿ ಪೇಟೆಗೆ ಹೋಗುತ್ತಾರೆ. ಇದರಲ್ಲಿ ಅದೇ ರಾಜ್ಯದ ಟ್ಯೂಬಿಂಗನ್ ಮುಂದಿದೆ. ಅಲ್ಲಿಂದಲೂ ಫ್ರೆಂಚ್ ಸೇನೆ 1991ರಲ್ಲಿ ಹೊರಟಿತ್ತು. ನಗರ ಪುನರುಜ್ಜೀವನದ ಕಚೇರಿಯ ಮುಖ್ಯಸ್ಥರಾಗಿದ್ದ ಆಂಡ್ರಿಯಾಸ್ ಫೆಲ್ಟ್‌ಕೆಲರ್ ಹಟ ಹಿಡಿದು, ಕಟ್ಟಡದ ನೆಲಮಹಡಿಯಲ್ಲಿ ಏನಾದರೂ ಕಸುಬು ನಡೆಯಬೇಕೆಂದು ಕಟ್ಟುಪಾಡು ಮಾಡಿಸಿದರು. ಮನೆ ಕಟ್ಟಲು ಬರುವ ಗುಂಪು ಒಬ್ಬ ಬಡಗಿಯನ್ನೋ ಮುದ್ರಕನನ್ನೋ ವೈದ್ಯರನ್ನೋ ಜೊತೆಗೆ ಕರೆತರಬೇಕಾಯಿತು. ಟ್ಯಾಂಕು ನಿಲ್ಲಿಸುತ್ತಿದ್ದ ಶೆಡ್ಡಿನ ಚಾವಣಿಯನ್ನು ಹಾಗೇ ಉಳಿಸಿ ಕೆಳಗೆ ಬಯಲು ಮಾಡಿದ್ದಾರೆ. ಮಳೆ ಬಂದರೂ ಮಕ್ಕಳ ಚೆಂಡಾಟ ನಿಲ್ಲುವುದಿಲ್ಲ, ಹಳೆ ಸಾಮಾನಿನ ಸಂತೆ ಅಲ್ಲೇ ಕೂಡುತ್ತದೆ. ಮನೆ ಒಂದು ಕಡೆ, ದುಡಿಮೆ ಇನ್ನೊಂದು ಕಡೆ ಎಂದು ನಗರವನ್ನು ಕತ್ತರಿಸಿ ಹಾಕಿದ ಕಳೆದ ಶತಮಾನದ ಯೋಜನೆಗಳಿಗೆ ಟ್ಯೂಬಿಂಗನ್ ಕೊಟ್ಟ ಉತ್ತರ ವೋಬಾನ್‌ಗಿಂತ ಗಟ್ಟಿಯದು. ಆದರೆ ಪ್ರವಾಸಿಗಳ ಬಸ್ಸು ಬರುವುದು ವೋಬಾನ್‌ಗೇ.

ಯಾರ ಪಾಲಿಗೆ?

ಇಷ್ಟೆಲ್ಲ ಮೆಚ್ಚಿದ ಮೇಲೆ ಮರೆಮಾಡಬಾರದ ಸಂಗತಿಯೊಂದಿದೆ. ವೋಬಾನ್‌ನಲ್ಲಿ ಇರುವವರು ಬಹುಪಾಲು ಒಂದೇ ಬಗೆಯವರು: ಓದಿದವರು, ಮಧ್ಯಮವರ್ಗದವರು, ಗ್ರೀನ್ ಪಕ್ಷಕ್ಕೆ ಮತ ಹಾಕುವವರು. ವಲಸೆ ಬಂದ ಕಾರ್ಮಿಕ ಕುಟುಂಬಗಳು ಕಡಿಮೆ. ಬಡವರಿಗೆಂದು ಎಣಿಸಿದ್ದ ಸಹಾಯಧನದ ಮನೆಗಳಲ್ಲಿ ಎಷ್ಟೋ, ಸರ್ಕಾರ ಹಣ ಕಡಿತ ಮಾಡಿದ್ದರಿಂದ, ಏಳಲೇ ಇಲ್ಲ. ಜಿನೋವಾ ಎಂಬ ಸಹಕಾರ ಸಂಘ, ಸುಸಿಯ ಬ್ಯಾರಕ್ಕು, ವಿದ್ಯಾರ್ಥಿ ನಿಲಯ ಇವಿಷ್ಟನ್ನು ಬಿಟ್ಟರೆ ಉಳಿದ ಮನೆಗಳ ಬೆಲೆ ಬಡಾವಣೆಯ ಕೀರ್ತಿಯ ಜೊತೆಗೇ ಏರಿತು.

ಇದಕ್ಕೆ ಸರ್ಕಾರವೊಂದನ್ನೇ ದೂರುವುದು ನ್ಯಾಯವಲ್ಲ. ನಾನು ಇಷ್ಟು ಹೊತ್ತು ಹೊಗಳಿದ ಆ ಗುಂಪಿನ ಪದ್ಧತಿಯಲ್ಲೇ ಒಂದು ಜರಡಿಯಿದೆ. ವರ್ಷಗಟ್ಟಲೆ ಸಂಜೆ ಸಭೆಗೆ ಕೂರಲು ಪುರುಸೊತ್ತು ಯಾರಿಗಿರುತ್ತದೆ? ಬ್ಯಾಂಕಿನ ಸಾಲ, ಆರ್ಕಿಟೆಕ್ಟಿನ ನಕ್ಷೆ, ಕರಾರುಪತ್ರಗಳ ಭಾಷೆ ಯಾರಿಗೆ ತಿಳಿಯುತ್ತದೆ? ರಾತ್ರಿ ಪಾಳಿಯ ದಾದಿಗೆ, ಬಸ್ ಚಾಲಕನಿಗೆ, ಭಾಷೆ ಇನ್ನೂ ಕಲಿಯುತ್ತಿರುವ ಹೊಸಬನಿಗೆ ಬಾಗಿಲು ತೆರೆದೇ ಇದ್ದರೂ ಹೊಸ್ತಿಲು ಎತ್ತರ. ಜನರೇ ಕಟ್ಟಿದ ಬಡಾವಣೆ ಎಂದಾಗ ಯಾವ ಜನ ಎಂದು ಕೇಳಲೇಬೇಕು. ಬಡಾವಣೆಯ ಬಾಗಿಲಲ್ಲೇ ಖಾಲಿ ಉಳಿದಿದ್ದ ಒಂದು ನಿವೇಶನದಲ್ಲಿ ಹಳೆಯ ಬಂಡಿ, ಟೆಂಪೋಗಳನ್ನು ನಿಲ್ಲಿಸಿಕೊಂಡು ಅವುಗಳಲ್ಲೇ ವಾಸಿಸುತ್ತಿದ್ದ ಯುವಕರ ಗುಂಪನ್ನು 2011ರಲ್ಲಿ ಪೊಲೀಸರು ಎಬ್ಬಿಸಿದರು. ಜಾಗಕ್ಕೆ ನುಗ್ಗಿ ಕೂತವರಿಂದಲೇ ಹುಟ್ಟಿದ ಬಡಾವಣೆಯಲ್ಲಿ ಅದು ನಡೆಯಿತು. ಅಲ್ಲೀಗ ಒಂದು ಹೋಟೆಲಿದೆ, ಅಂಗವಿಕಲರಿಗೂ ಉದ್ಯೋಗ ಕೊಡುವ ಹೋಟೆಲು. ಎಬ್ಬಿಸಿದ್ದು ಸರಿಯೆನ್ನಲು ಮನಸ್ಸು ಬಾರದು, ಬಂದದ್ದು ಕೆಟ್ಟದ್ದೆನ್ನಲೂ ಆಗದು.

ಸೇನೆ ಬಿಟ್ಟುಹೋದ ನೆಲ ಜರ್ಮನಿಯಲ್ಲಿ ಇನ್ನೂ ಇದೆ. ಅಮೆರಿಕದ ಸೇನೆ ಖಾಲಿಮಾಡಿದ ಮಾನ್‌ಹೈಮ್, ಹೈಡೆಲ್‌ಬರ್ಗ್‌ಗಳಲ್ಲಿ ಹೊಸ ಬಡಾವಣೆಗಳು ಎದ್ದಿವೆ, ಏಳುತ್ತಿವೆ. ಫ್ರೈಬುರ್ಗ್‌ನಲ್ಲಿ ಮಾತ್ರ ಅಂಥ ನೆಲ ಮುಗಿದಿದೆ, ಬಾಡಿಗೆಯ ಬವಣೆ ಮುಗಿದಿಲ್ಲ. ಹಾಗಾಗಿ ಊರಿನ ಪಶ್ಚಿಮಕ್ಕೆ ಡೀಟನ್‌ಬಾಖ್ ಎಂಬಲ್ಲಿ ಸುಮಾರು 6,900 ಮನೆಗಳ ಬಡಾವಣೆ ಕಟ್ಟಲು ನಗರಸಭೆ ಹೊರಟಿತು. ಈ ಸಲ ಎದುರಿದ್ದದ್ದು ಬ್ಯಾರಕ್ಕಲ್ಲ, ಉಳುವ ಹೊಲ. ರೈತರು, ಪರಿಸರವಾದಿಗಳು ಸಹಿ ಸಂಗ್ರಹಿಸಿ ಜನಮತಗಣನೆಗೆ ಒಯ್ದರು. 2019ರ ಫೆಬ್ರುವರಿ 24ರಂದು ಮತ ಬಿತ್ತು. ಶೇ 60ರಷ್ಟು ಜನ ಮನೆಗಳ ಪರ ನಿಂತರು. 2024ರ ಫೆಬ್ರುವರಿಯಲ್ಲಿ ಜರ್ಮನಿಯ ಚಾನ್ಸಲರ್ ಬಂದು ಗುದ್ದಲಿ ಪೂಜೆಯ ಶಾಸ್ತ್ರ ಮುಗಿಸಿದರು. ಟ್ರ್ಯಾಮು ಇಲ್ಲಿಗೂ ಬರಲಿದೆ. ಗುಂಪುಗಳಿಗೆ, ಸಹಕಾರ ಸಂಘಗಳಿಗೆ ನೆಲ ಕೊಡುವ ಮಾತು ಇಲ್ಲಿಯೂ ಇದೆ. ಜೊತೆಗೆ ವೋಬಾನ್‌ನಲ್ಲಿ ಕೈತಪ್ಪಿದ್ದನ್ನು ಇಲ್ಲಿ ಮೊದಲೇ ಬರೆದಿಟ್ಟಿದ್ದಾರೆ: ಮನೆಗಳಲ್ಲಿ ಅರ್ಧದಷ್ಟು ಸಹಾಯಧನದ ಬಾಡಿಗೆ ಮನೆಗಳಾಗಿರಬೇಕು. ಬಡ್ಡಿದರ ಏರಿ, ಕಟ್ಟಡ ಸಾಮಗ್ರಿ ತುಟ್ಟಿಯಾಗಿರುವ ಈ ದಿನಗಳಲ್ಲಿ ಆ ಅರ್ಧವನ್ನು ನಿಜಕ್ಕೂ ಕಟ್ಟಿಸುತ್ತಾರೆಯೇ ಎಂದು ಊರಿನ ಬಾಡಿಗೆದಾರರು ನಗರಸಭೆಯ ಒಂದೊಂದು ಬಜೆಟ್ಟನ್ನೂ ಕಾದು ನೋಡುತ್ತಿದ್ದಾರೆ.